ಜೊಂಡಿನ ಬುಡದಲ್ಲಿ ನೀರು ತಿಳಿಯಾಗುವ ಬಗೆ

ನಮ್ಮಜ್ಜಿ ಮನೆಯಲ್ಲಿ ಬಚ್ಚಲಿನ ಹಿಂದೆ ಒಂದು ಸಣ್ಣ ಕಾಲುವೆ ಇತ್ತು. ಸ್ನಾನದ ನೀರು, ಬಟ್ಟೆ ಒಗೆದ ನೀರು, ಪಾತ್ರೆ ತಿಕ್ಕಿದ ನೀರು ಎಲ್ಲ ಅದರಲ್ಲೇ ಹಿತ್ತಿಲಿಗೆ ಹೋಗುತ್ತಿತ್ತು. ಬಚ್ಚಲ ತೂತಿನ ಬಾಯಲ್ಲೇ ಒತ್ತಾಗಿ ಬೆಳೆದ ಕೆಸು. ಅದರಾಚೆ ಕಾಬಾಳೆ. ಕೊನೆಗೆ ನಾಲ್ಕೈದು ಬಾಳೆಗಿಡ. ಬಚ್ಚಲ ಹತ್ತಿರ ನೀರು ಬೂದಿ ಬಣ್ಣಕ್ಕಿರುತ್ತಿತ್ತು, ಮೇಲೆ ಸೋಪಿನ ನೊರೆ. ಬಾಳೆಯ ಹತ್ತಿರ ಬರುವಷ್ಟರಲ್ಲಿ ನೊರೆಯೂ ಇಲ್ಲ, ನಾತವೂ ಇಲ್ಲ. ತಿಂಗಳಿಗೊಮ್ಮೆ ಅಜ್ಜಿ ಗುದ್ದಲಿ ಹಿಡಿದು ಕಾಲುವೆಯ ಕಪ್ಪು ಕೆಸರನ್ನು ಎತ್ತಿ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಬಲಿತ ಕೆಸುವಿನ ಎಲೆಗಳನ್ನು ಕೊಯ್ದು ತಿಪ್ಪೆಗೆ ಹಾಕುತ್ತಿದ್ದರು.

ಜೌಗುನೆಲ ಕೊಳಕು ನೀರನ್ನು ಹೇಗೆ ತೊಳೆಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಆ ಹಿತ್ತಿಲೇ ನೆನಪಾಗುತ್ತದೆ. ಅದರಲ್ಲೂ ಗುದ್ದಲಿ. ಗಿಡ ನೆಟ್ಟರೆ ಸಾಕು, ಉಳಿದದ್ದನ್ನು ಪ್ರಕೃತಿ ನೋಡಿಕೊಳ್ಳುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಅರ್ಧ ಕೆಲಸ ಮಾತ್ರ ಹಾಗೆ ನಡೆಯುತ್ತದೆ. ಇನ್ನರ್ಧ ಯಾಕೆ ನಡೆಯುವುದಿಲ್ಲ ಎಂಬುದು ಗೊತ್ತಾದರೆ ಬೆಂಗಳೂರಿನ ಕೆರೆಗಳ ಕಥೆ ಬಹಳ ಮಟ್ಟಿಗೆ ಅರ್ಥವಾಗುತ್ತದೆ.

ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಊರೊಳಗೆ ದೊಡ್ಡ ನದಿ ಇಲ್ಲ. ಕುಡಿಯುವ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತರುತ್ತೇವೆ. ಈ ಕಾವೇರಿ ಯೋಜನೆಯ ಹಳೆಯ ಹಂತಗಳಿಂದ ದಿನಕ್ಕೆ ಸುಮಾರು 1,450 ಎಂಎಲ್‌ಡಿ ಬರುತ್ತಿತ್ತು. ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯ ಇನ್ನೂ 775 ಎಂಎಲ್‌ಡಿ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಐದೂ ಹಂತಗಳು ಪೂರ್ತಿ ಹರಿದರೆ ದಿನಕ್ಕೆ 1,700 ಎಂಎಲ್‌ಡಿಗಿಂತ ಜಾಸ್ತಿ ಕೊಳಚೆ. ಬೋರ್‌ವೆಲ್ ನೀರು ಇದರ ಮೇಲೆ.

ನಮಗೆ ಸಮುದ್ರ ಇಲ್ಲದಿದ್ದರೂ ನಮ್ಮ ನೀರಿನ ದಾರಿ ಸಮುದ್ರದ ಕಡೆಗೇ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುವ ವೃಷಭಾವತಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಕಾವೇರಿಗೆ. ಇದು ಊರಿನ ಪಶ್ಚಿಮದ ಇಳಿಜಾರು. ಪೂರ್ವದ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಆ ನದಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು ದಾಟಿ, ತಮಿಳುನಾಡಿನ ಉದ್ದಕ್ಕೂ ಹರಿದು, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ನಮ್ಮ ಬಚ್ಚಲಿನ ಹಿತ್ತಿಲು ಅಷ್ಟು ಉದ್ದ.

ಎಸ್‌ಟಿಪಿ ಏನು ಮಾಡುತ್ತದೆ, ಏನು ಉಳಿಸುತ್ತದೆ

ಕೊಳಚೆ ಸಂಸ್ಕರಣಾ ಘಟಕ, ಅಂದರೆ ಎಸ್‌ಟಿಪಿ, ಮೂರು ಕೆಲಸ ಮಾಡುತ್ತದೆ. ಮೊದಲು ಪ್ಲಾಸ್ಟಿಕ್, ಬಟ್ಟೆ ಚೂರು, ಮರಳು ಎಲ್ಲವನ್ನೂ ಜಾಲರಿಯಲ್ಲಿ ಹಿಡಿಯುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದುತ್ತದೆ. ಆ ಗಾಳಿಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಬೆಳೆದು ನೀರಿನಲ್ಲಿರುವ ಕೊಳೆಯನ್ನು ತಿನ್ನುತ್ತವೆ. ಕೊನೆಗೆ ಆ ಬ್ಯಾಕ್ಟೀರಿಯಾಗಳೇ ಕೆಸರಾಗಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿ ನೀರಿಗೆ ಕ್ಲೋರಿನ್ ಹಾಕಿ ಬಿಡುತ್ತಾರೆ.

ಕೊಳೆ ಎಷ್ಟಿದೆ ಎಂದು ಅಳೆಯಲು ಬಿಒಡಿ ಎಂಬ ಅಳತೆ ಇದೆ. ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಹಸಿ ಕೊಳಚೆಯಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ ಇರುತ್ತದೆ. ದೊಡ್ಡ ನಗರಗಳಲ್ಲಿ ಅದು 20ಕ್ಕಿಂತ ಕೆಳಗಿರಬೇಕು ಎಂದು ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಹೇಳಿತು. ಅದು ಸಾಲದು, 10 ಆಗಬೇಕು ಎಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು.

ಸರಿಯಾಗಿ ನಡೆಯುವ ಎಸ್‌ಟಿಪಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಾಣದ ಎರಡು ವಸ್ತುಗಳು ಅದರಲ್ಲಿ ಕರಗಿ ಕುಳಿತಿರುತ್ತವೆ. ಒಂದು ಸಾರಜನಕ. ಇನ್ನೊಂದು ರಂಜಕ. ನಾವು ತಿಂದ ಬೇಳೆ, ಕಾಳು, ಮೊಟ್ಟೆಯ ಪ್ರೋಟೀನು ಮೂತ್ರದಲ್ಲಿ ಯೂರಿಯಾ ಆಗಿ ಹೊರಬಂದು, ನೀರಿನಲ್ಲಿ ಅಮೋನಿಯಾ ಆಗುತ್ತದೆ. ರಂಜಕ ನಮ್ಮ ಮಲಮೂತ್ರದಿಂದಲೂ ಬರುತ್ತದೆ, ಬಟ್ಟೆ ಸೋಪಿನ ಪುಡಿಯಿಂದಲೂ ಬರುತ್ತದೆ. ಇವು ಗೊಬ್ಬರದ ಅಂಗಡಿಯಲ್ಲಿ ರೈತ ದುಡ್ಡು ಕೊಟ್ಟು ತರುವ ಅದೇ ವಸ್ತುಗಳು. ಗದ್ದೆಯಲ್ಲಿ ಬಿದ್ದರೆ ಬೆಳೆ. ಕೆರೆಯಲ್ಲಿ ಬಿದ್ದರೆ ಪಾಚಿ ಮತ್ತು ಕಳೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ಬೆಳಗ್ಗೆ ಹೋಗಿ ನೋಡಿದರೆ ಮೀನುಗಳು ಬೆಳ್ಳಗೆ ತೇಲುತ್ತಿರುತ್ತವೆ.

ಈ ಎರಡನ್ನೂ ತೆಗೆಯುವ ಹೊಸ ಬಗೆಯ ಎಸ್‌ಟಿಪಿಗಳಿವೆ. ಅವಕ್ಕೆ ಜಾಸ್ತಿ ತೊಟ್ಟಿ, ಜಾಸ್ತಿ ಕರೆಂಟು, ಜಾಸ್ತಿ ಎಚ್ಚರ ಬೇಕು. ಹಳೆಯ ಘಟಕಗಳನ್ನು ಕಟ್ಟಿದ್ದು ಮುಖ್ಯವಾಗಿ ಬಿಒಡಿ ಇಳಿಸಲು. ಅಲ್ಲಿ ಉಳಿದುಹೋಗುವ ಕೆಲಸವನ್ನೇ ಜೌಗು ಮಾಡಬಲ್ಲದು.

ಗದ್ದೆಯಲ್ಲಿ ಯೂರಿಯಾ ಎಲ್ಲಿಗೆ ಹೋಗುತ್ತದೆ?

ಭತ್ತ ಬೆಳೆದವರಿಗೆ ಈ ಪ್ರಶ್ನೆ ಗೊತ್ತು. ನೀರು ನಿಂತ ಗದ್ದೆಗೆ ಯೂರಿಯಾ ಎರಚಿದರೆ ಅದರಲ್ಲಿ ಒಳ್ಳೇ ಪಾಲು ಬೆಳೆಗೆ ಸಿಗುವುದೇ ಇಲ್ಲ. ಎಲ್ಲೋ ಮಾಯವಾಗುತ್ತದೆ. ಅದಕ್ಕೇ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ, ಮೂರು ಸಲಕ್ಕೆ ಹಂಚಿ ಹಾಕಿ ಎಂದು ಕೃಷಿ ಇಲಾಖೆಯವರು ಹೇಳುವುದು. ಹೀಗೆ ಮಾಯವಾಗುವುದು ರೈತನಿಗೆ ನಷ್ಟ. ಕೊಳಚೆ ತೊಳೆಯಬೇಕಾದ ಊರಿಗೆ ಅದೇ ಲಾಭ. ಜೌಗಿನ ದೊಡ್ಡ ಕೆಲಸ ಅಂದರೆ ಇದೇ.

ಇದು ಎರಡು ಮೆಟ್ಟಿಲಲ್ಲಿ ನಡೆಯುತ್ತದೆ. ಮೊದಲ ಮೆಟ್ಟಿಲಿಗೆ ಗಾಳಿ ಬೇಕು. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ಆಮ್ಲಜನಕದ ಜೊತೆ ಸೇರಿಸಿ ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಎರಡನೇ ಮೆಟ್ಟಿಲಿಗೆ ಗಾಳಿ ಇರಲೇಬಾರದು. ಉಸಿರುಕಟ್ಟಿದ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗದೆ ಹೋದಾಗ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು ಉಸಿರಾಡುತ್ತವೆ. ಉಳಿದ ಸಾರಜನಕ ಗುಳ್ಳೆಯಾಗಿ ಮೇಲೆದ್ದು ಗಾಳಿಗೆ ಸೇರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಅಲ್ವಾ? ಅದಕ್ಕೆ ಇಷ್ಟು ಸೇರಿದರೆ ಯಾರಿಗೂ ತೊಂದರೆ ಇಲ್ಲ.

ಈಗ ತೊಡಕು ನೋಡಿ. ಒಂದು ಕೆಲಸಕ್ಕೆ ಗಾಳಿ ಬೇಕು, ಇನ್ನೊಂದಕ್ಕೆ ಬೇಡ. ಯಂತ್ರದಲ್ಲಿ ಇದಕ್ಕೆ ಬೇರೆ ಬೇರೆ ತೊಟ್ಟಿ ಕಟ್ಟಿ, ನೀರನ್ನು ಅಲ್ಲಿಂದಿಲ್ಲಿಗೆ ಪಂಪ್ ಮಾಡಬೇಕು. ಜೊಂಡಿನ ಬುಡದಲ್ಲಿ ಎರಡೂ ಒಟ್ಟಿಗೇ ನಡೆಯುತ್ತವೆ, ಕೆಲವೇ ಮಿಲಿಮೀಟರ್ ಅಂತರದಲ್ಲಿ.

ಆಪು ಎಂಬ ಜೊಂಡನ್ನು ನೀವು ನೋಡಿರುತ್ತೀರಿ. ಕೆರೆ ಅಂಚಿನಲ್ಲಿ ಆಳೆತ್ತರ ಬೆಳೆದು, ತುದಿಯಲ್ಲಿ ಕಂದು ಬಣ್ಣದ ಊದುಬತ್ತಿ ಕಟ್ಟಿನಂಥ ತೆನೆ ಬಿಡುತ್ತದೆ. ಅದರ ಎಲೆಯನ್ನು ಅಡ್ಡ ಕೊಯ್ದು ನೋಡಿ. ಒಳಗೆಲ್ಲ ಜೇನುಗೂಡಿನ ಹಾಗೆ ಖಾಲಿ ಕೋಣೆಗಳು. ಕೆಸುವಿನ ದಂಟೂ ಹಾಗೇ, ಸ್ಪಂಜಿನಂತೆ. ಆ ಖಾಲಿ ಜಾಗದ ಮೂಲಕ ಗಿಡ ಮೇಲಿನ ಗಾಳಿಯನ್ನು ಬೇರಿಗೆ ಇಳಿಸುತ್ತದೆ. ಉಸಿರಿಲ್ಲದ ಕೆಸರಿನಲ್ಲಿ ಬೇರು ಸಾಯದೆ ಉಳಿಯುವುದು ಹೀಗೆ. ಆ ಗಾಳಿಯಲ್ಲಿ ಸ್ವಲ್ಪ ಬೇರಿನಿಂದ ಹೊರಗೆ ಸೋರುತ್ತದೆ. ಬೇರಿನ ಸುತ್ತ ತೆಳ್ಳಗೆ ಗಾಳಿ ಇರುವ ಒಂದು ಪದರ, ಅದರ ಆಚೆಗೆ ಉಸಿರುಕಟ್ಟಿದ ಕಪ್ಪು ಕೆಸರು. ಮೊದಲ ಬ್ಯಾಕ್ಟೀರಿಯಾ ಒಳಪದರದಲ್ಲಿ, ಎರಡನೆಯದು ಹೊರಗೆ. ಗದ್ದೆಯಿಂದ ಭತ್ತದ ಪೈರನ್ನು ಕಿತ್ತಾಗ ಬೇರಿಗೆ ತುಕ್ಕಿನ ಬಣ್ಣ ಹತ್ತಿರುತ್ತದಲ್ಲ, ಅದು ಈ ಗಾಳಿಯ ಗುರುತು. ಕೆಸರಿನ ಕಬ್ಬಿಣ ಅಲ್ಲಿ ನಿಜವಾಗಿಯೂ ತುಕ್ಕು ಹಿಡಿದಿರುತ್ತದೆ.

ಹಾಗಾಗಿ ಗಿಡ ನೀರನ್ನು ಕುಡಿದು ಶುದ್ಧ ಮಾಡುತ್ತದೆ ಎಂಬ ಮಾತು ಪೂರ್ತಿ ಸರಿಯಲ್ಲ. ಸಾರಜನಕದ ಮಟ್ಟಿಗೆ ದೊಡ್ಡ ಕೆಲಸಗಾರರು ಬ್ಯಾಕ್ಟೀರಿಯಾಗಳು. ಗಿಡ ಅವಕ್ಕೆ ಮನೆ ಕಟ್ಟಿಕೊಡುತ್ತದೆ, ಗಾಳಿ ಕೊಡುತ್ತದೆ, ಉದುರಿದ ಎಲೆಯ ರೂಪದಲ್ಲಿ ಊಟವನ್ನೂ ಹಾಕುತ್ತದೆ. ಜರ್ಮನಿಯ ಕೇಟೆ ಜೈಡೆಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಕೊಳಚೆ ನೀರಿನಲ್ಲಿ ಜೊಂಡು ಬೆಳೆಸಿ ಪ್ರಯೋಗ ಮಾಡಿದರು. ಇವತ್ತು ಲೋಕದ ತುಂಬ ಇರುವ ಕಟ್ಟಿದ ಜೌಗುಗಳ ಹಿಂದೆ ಅವರ ಆ ಕೆಲಸವಿದೆ.

ರಂಜಕ ಎಲ್ಲಿಗೂ ಹೋಗುವುದಿಲ್ಲ

ರಂಜಕ ಗಾಳಿಗೆ ಹಾರಿಹೋಗುವ ವಸ್ತು ಅಲ್ಲ. ಅದು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣಕ್ಕೆ ಅಂಟಿಕೊಳ್ಳುತ್ತದೆ. ಅಥವಾ ಗಿಡದ ಮೈಗೆ ಸೇರುತ್ತದೆ. ಮಣ್ಣು ಅಂಟಿಸಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಹೊಸ ಜೌಗು ಮೊದಲ ಕೆಲವು ವರ್ಷ ರಂಜಕವನ್ನು ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಮಣ್ಣು ತುಂಬಿಹೋಗುತ್ತದೆ. ಗಿಡದೊಳಗೆ ಹೋದ ರಂಜಕವೂ ಗಿಡ ಅಲ್ಲೇ ಸತ್ತು ಕೊಳೆತರೆ ಮತ್ತೆ ನೀರಿಗೇ ಬರುತ್ತದೆ. ತಳದ ಹೂಳಿಗೆ ಉಸಿರು ಕಟ್ಟಿದರೆ ಇನ್ನೂ ಕಷ್ಟ. ಕಬ್ಬಿಣ ಹಿಡಿದಿಟ್ಟುಕೊಂಡಿದ್ದ ರಂಜಕವನ್ನು ಬಿಟ್ಟುಬಿಡುತ್ತದೆ. ಹೊಸ ಕೊಳಚೆ ಬರುವುದು ನಿಂತರೂ ಕೆರೆ ಹಳೆಯ ಸಾಲವನ್ನು ವರ್ಷಗಟ್ಟಲೆ ಹೊರಗೆ ಹಾಕುತ್ತಲೇ ಇರುತ್ತದೆ.

ಅದಕ್ಕೇ ಗುದ್ದಲಿ ಬೇಕು. ಅಜ್ಜಿ ಕೆಸರು ಎತ್ತಿ ತೆಂಗಿಗೆ ಹಾಕಿದಾಗ ರಂಜಕ ಹಿತ್ತಿಲಿನ ಕಾಲುವೆಯಿಂದ ನಿಜವಾಗಿಯೂ ಹೊರಗೆ ಹೋಯಿತು. ಕೆಸುವಿನ ಎಲೆ ಕೊಯ್ದಾಗ ಇನ್ನಷ್ಟು ಹೋಯಿತು. ಜೌಗಿನಿಂದ ರಂಜಕ ಹೊರಗೆ ಹೋಗುವ ಬಾಗಿಲು ಇದೊಂದೇ: ಯಾರಾದರೂ ಕೊಯ್ಯಬೇಕು, ಎತ್ತಬೇಕು, ಹೊತ್ತುಕೊಂಡು ಹೋಗಬೇಕು.

ಕೆರೆಯ ಮೇಲೆ ನೇರಳೆ ಹೂ ಬಿಟ್ಟು ಹಾಸಿಕೊಳ್ಳುವ ಅಂತರಗಂಗೆ ಕಳೆಯ ವಿಷಯವೂ ಇದೇ. ಅದು ರಂಜಕ, ಸಾರಜನಕ ಎರಡನ್ನೂ ಗಬಗಬ ತಿನ್ನುತ್ತದೆ. ವಾರ ವಾರ ತೆಗೆದರೆ ಒಳ್ಳೇ ಆಳು. ಬಿಟ್ಟರೆ ಕೆರೆಯ ಮುಖ ಪೂರ್ತಿ ಮುಚ್ಚಿ, ಗಾಳಿ ಬೆಳಕು ತಡೆದು, ಸತ್ತು ತಳಕ್ಕಿಳಿದು, ತಿಂದದ್ದನ್ನೆಲ್ಲ ಕಕ್ಕುತ್ತದೆ.

ಬೆಳ್ಳಂದೂರು ಕೆರೆಗೆ ಆದದ್ದು ಇದೇ ಸಾಲದ ದೊಡ್ಡ ರೂಪ. ಸುಮಾರು 900 ಎಕರೆಯ, ಬೆಂಗಳೂರಿನ ಅತಿ ದೊಡ್ಡ ಕೆರೆ ಅದು. ದಶಕಗಳ ಕಾಲ ಹಸಿ ಕೊಳಚೆ ತುಂಬಿ ತಳದಲ್ಲಿ ಹೂಳು, ಮೇಲೆ ಕಳೆ. ಕೋಡಿಯಲ್ಲಿ ನೀರು ಧುಮುಕುವಾಗ ಸೋಪಿನ ಅಂಶ ಕಡೆದಂತಾಗಿ ರಸ್ತೆಗೆ ಹಾರುವಷ್ಟು ನೊರೆ. 2015, 2017, 2018ರಲ್ಲಿ ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ನೀರಿಗೆ ಬೆಂಕಿ ಬಿದ್ದ ಆ ಚಿತ್ರಗಳನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನು ರೋಗಾಣುಗಳ ಮಾತು. ಬಿಸಿಲು, ಸಮಯ, ಮತ್ತು ಬ್ಯಾಕ್ಟೀರಿಯಾ ತಿನ್ನುವ ಸಣ್ಣ ಜೀವಿಗಳು ಮೂರೂ ಸೇರಿ ಅವನ್ನು ತುಂಬ ಕಡಿಮೆ ಮಾಡುತ್ತವೆ. ಆದರೆ ಪೂರ್ತಿ ಇಲ್ಲವಾಗಿಸುವುದಿಲ್ಲ. ಜೌಗಿನಿಂದ ಬಂದ ನೀರು ಕುಡಿಯಲು ಅಲ್ಲ. ಕರಗಿದ ಉಪ್ಪನ್ನೂ ಜೌಗು ತೆಗೆಯಲಾರದು. ಬೇಸಿಗೆಯಲ್ಲಿ ನೀರು ಆವಿಯಾದರೆ ಉಪ್ಪಿನ ಅಂಶ ಏರುತ್ತದೆ ಕೂಡ.

ಒಂದು ಎಂಎಲ್‌ಡಿಗೆ ಒಂದು ಹೆಕ್ಟೇರ್

ಈ ಎಲ್ಲ ಕೆಲಸಕ್ಕೂ ಸಮಯ ಬೇಕು. ಎಸ್‌ಟಿಪಿಯಲ್ಲಿ ನೀರು ಗಂಟೆಗಳ ಲೆಕ್ಕದಲ್ಲಿ ಇರುತ್ತದೆ. ಜೌಗಿನಲ್ಲಿ ದಿನಗಳ ಲೆಕ್ಕ. ಐದು ದಿನ ಅಂದುಕೊಳ್ಳೋಣ. ಜೊಂಡು ಬೇರೂರಬೇಕಾದರೆ ನೀರಿನ ಆಳ ಮೊಣಕಾಲಿನಷ್ಟು, ಅಂದರೆ ಅರ್ಧ ಮೀಟರ್ ಇರಬೇಕು. ಒಂದು ಎಂಎಲ್‌ಡಿ ಅಂದರೆ ದಿನಕ್ಕೆ 1,000 ಘನ ಮೀಟರ್. ಐದು ದಿನಕ್ಕೆ 5,000. ಅರ್ಧ ಮೀಟರ್ ಆಳದಲ್ಲಿ ಹರಡಿದರೆ 10,000 ಚದರ ಮೀಟರ್, ಅಂದರೆ ಸರಿಯಾಗಿ ಒಂದು ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆ.

ಈ ಒರಟು ಲೆಕ್ಕವನ್ನು ಇಡೀ ಬೆಂಗಳೂರಿಗೆ ಹಾಕಿ. 1,700 ಎಂಎಲ್‌ಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಬೇಕು. ನಾಲ್ಕೂವರೆ ಬೆಳ್ಳಂದೂರು ಕೆರೆಯಷ್ಟು. ಸೈಟಿನ ಬೆಲೆ ಚದರಡಿ ಲೆಕ್ಕದಲ್ಲಿ ಮಾತಾಡುವ ಈ ಊರಿನಲ್ಲಿ ಅಷ್ಟು ಹೊಸ ಜಾಗ ಸಿಗುವುದಿಲ್ಲ. ಆದರೆ ನಮ್ಮ ಹಿಂದಿನವರು ಕಟ್ಟಿದ ಕೆರೆಗಳ ತಲೆಭಾಗ, ಅಂದರೆ ನೀರು ಒಳಬರುವ ಆ ಕಡೆಯ ತಟ್ಟೆಯಂಥ ಕೆಸರು ನೆಲ, ಮೊದಲಿನಿಂದಲೂ ಜೌಗೇ ಆಗಿತ್ತು. ಏರಿ ಇರುವ ಕಡೆ ಆಳ, ತಲೆಯ ಕಡೆ ತೆಳುವು. ಆ ತೆಳುವಾದ ಕಡೆಯನ್ನೇ ನಾವು ಒತ್ತುವರಿ ಮಾಡಿದ್ದು, ಉಳಿದದ್ದನ್ನು ಸುಂದರ ಮಾಡುತ್ತೇವೆಂದು ಅಗೆದು ಬಟ್ಟಲಿನ ಹಾಗೆ ಮಾಡಿದ್ದು. ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕಿ, ಜೊಂಡನ್ನು ಕಸ ಎಂದು ಕಿತ್ತೆಸೆದ ಕೆರೆಗಳು ಎಷ್ಟೋ ಇವೆ. ಕೆರೆಯ ಹೊಟ್ಟೆ ಉಳಿಯಿತು, ಮೂತ್ರಪಿಂಡ ಹೋಯಿತು.

ಜಕ್ಕೂರು ಕೆರೆಯಲ್ಲಿ ಅದನ್ನು ಉಳಿಸಿಕೊಂಡರು. ಸುಮಾರು 160 ಎಕರೆಯ ಕೆರೆ. ಮೇಲ್ಭಾಗದಲ್ಲಿ ಜಲಮಂಡಳಿಯ ಎಸ್‌ಟಿಪಿ, ಮೊದಲು ಕಟ್ಟಿದಾಗ 10 ಎಂಎಲ್‌ಡಿ ಸಾಮರ್ಥ್ಯದ್ದು. ಅಲ್ಲಿಂದ ಹೊರಬಿದ್ದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಆಪು ಮತ್ತು ಬೇರೆ ಜೊಂಡು ಬೆಳೆದ ಜೌಗಿನಲ್ಲಿ ಹರಡಿಕೊಂಡು, ನಿಧಾನವಾಗಿ ನುಸುಳಿ, ಆಮೇಲೆ ಕೆರೆ ಸೇರುತ್ತದೆ. ಕೆರೆಯೂ ಒಂದು ತೊಟ್ಟಿಯೇ. ಸರಾಸರಿ ಆಳ ಒಂದೂವರೆ ಮೀಟರ್ ಅಂದುಕೊಂಡರೂ, ದಿನಕ್ಕೆ 10 ಎಂಎಲ್‌ಡಿ ಬಂದರೆ ನೀರು ಅಲ್ಲಿ ಸುಮಾರು ಮೂರು ತಿಂಗಳು ತಂಗುತ್ತದೆ. ಜೌಗು ದಾಟುವಾಗ ನೀರಿನ ನೈಟ್ರೇಟ್, ಬಿಒಡಿ ಇಳಿಯುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಅಲ್ಲಿ ಮೀನು ಹಿಡಿಯುತ್ತಾರೆ. ಹಕ್ಕಿಗಳಂತೂ ಎಣಿಸಲಾಗದಷ್ಟು. ಬೆಳಗಿನ ಜಾವ ಏರಿಯ ಮೇಲೆ ನಿಂತರೆ ನೇರಳೆ ಜಂಬುಕೋಳಿ ಜೊಂಡು ಮುರಿಯುವ ಸದ್ದು ಕೇಳುತ್ತದೆ.

ಎಲ್ಲಿ ಕೆಡುತ್ತದೆ

ಒಂದು ಅನುಭವ ಹೇಳಬೇಕು. ನಾನು ಮೊದಲಿದ್ದ ಬಡಾವಣೆಯ ಪಕ್ಕದ ಸಣ್ಣ ಕೆರೆಗೆ ಹೀಗೇ ಜೌಗು ಮಾಡಿದರು. ಕಲ್ಲಿನ ಒಡ್ಡು, ಸಾಲಾಗಿ ಕಾಬಾಳೆ, ಬೋರ್ಡು, ಎಲ್ಲ ಚೆನ್ನಾಗಿತ್ತು. ನಾವೂ ಭಾನುವಾರ ಹೋಗಿ ಗಿಡ ನೆಟ್ಟೆವು. ಆದರೆ ಅದಕ್ಕೆ ಬರುತ್ತಿದ್ದದ್ದು ಸಂಸ್ಕರಿಸಿದ ನೀರಲ್ಲ. ರಾಜಕಾಲುವೆಯ, ಅಂದರೆ ಮಳೆನೀರಿನ ದೊಡ್ಡ ಚರಂಡಿಯ ನೀರು. ಮೇಲೆ ಎಲ್ಲೋ ಒಳಚರಂಡಿ ಪೈಪು ಒಡೆದು ಹಸಿ ಕೊಳಚೆ ಅದಕ್ಕೆ ಸೇರುತ್ತಿತ್ತು. ಮೊದಲ ಮಳೆಗಾಲಕ್ಕೇ ಕಲ್ಲಿನ ಸಂದಿಯೆಲ್ಲ ಕೆಸರು ಕಟ್ಟಿತು. ನೀರು ಬೇರಿನ ಮಧ್ಯೆ ಹೋಗುವ ಬದಲು ಮೇಲಿಂದ ಹಾರಿ ಕೆರೆಗೆ ಬಿತ್ತು. ಎರಡನೇ ವರ್ಷ ಕಾಬಾಳೆ ಕೊಳೆತು, ಸೊಳ್ಳೆ ಜಾಸ್ತಿಯಾಗಿ, ಜನರೇ ಬೇಡ ಎಂದರು.

ತಪ್ಪು ಕಾಬಾಳೆಯದ್ದಲ್ಲ. ಜೌಗು ಎಸ್‌ಟಿಪಿಯ ಕೆಲಸ ಮಾಡಲಾರದು. ಎಸ್‌ಟಿಪಿ ಮುಗಿಸಿದ ಮೇಲೆ ಅದರ ಸರದಿ. ಗಟ್ಟಿ ಕೊಳೆ ಬಂದರೆ ಉಸಿರಾಡುವ ಪದರವೇ ಮುಚ್ಚಿಹೋಗುತ್ತದೆ. ಇನ್ನೊಂದು, ಮಳೆ ನೀರಿಗೆ ಬೇರೆ ದಾರಿ ಇರಬೇಕು. ಬೆಂಗಳೂರಿನ ಸಂಜೆ ಮಳೆ ಅರ್ಧ ಗಂಟೆಯಲ್ಲಿ ಸುರಿಸುವಷ್ಟು ನೀರು ಐದು ದಿನದ ಕೆಲಸವನ್ನು ತೊಳೆದುಕೊಂಡು ಹೋಗುತ್ತದೆ. ಸೊಳ್ಳೆಯ ಮಟ್ಟಿಗೆ, ನೀರು ಚಲಿಸುತ್ತಿದ್ದರೆ, ಸಣ್ಣ ಮೀನು ಮತ್ತು ಏರೋಪ್ಲೇನ್ ಚಿಟ್ಟೆ ಇದ್ದರೆ ಹೆದರಬೇಕಿಲ್ಲ. ಅವು ಇರಬೇಕಾದರೆ ನೀರಿನಲ್ಲಿ ಆಮ್ಲಜನಕ ಇರಬೇಕು. ಮತ್ತೆ ಮಾತು ಅಲ್ಲಿಗೇ ಬಂತು.

ಕಡಲಂಚಿನ ಜೌಗು

ಕರಾವಳಿಯಲ್ಲಿ ಇದೇ ಕೆಲಸಕ್ಕೆ ಅಲೆಯ ಉಬ್ಬರವಿಳಿತ ಕೈಜೋಡಿಸುತ್ತದೆ. ದಿನಕ್ಕೆ ಎರಡು ಸಲ ನೀರು ಏರಿ ಕೆಸರನ್ನು ಮುಚ್ಚುತ್ತದೆ, ಎರಡು ಸಲ ಇಳಿದು ಗಾಳಿಗೆ ತೆರೆಯುತ್ತದೆ. ಸಾರಜನಕಕ್ಕೆ ಬೇಕಾದ ಆ ಎರಡು ಮೆಟ್ಟಿಲು ಪಂಪಿಲ್ಲದೆ ತಾವಾಗಿಯೇ ಸಿಗುತ್ತವೆ. ಉತ್ತರ ಕನ್ನಡದವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಗಿಡಗಳಲ್ಲಿ ಕೆಲವಕ್ಕೆ ಕೆಸರಿನಿಂದ ಮೇಲಕ್ಕೆ ಪೆನ್ಸಿಲಿನಂತೆ ನಿಂತ ಉಸಿರಿನ ಬೇರುಗಳಿರುತ್ತವೆ. ಆಪು ಎಲೆಯಿಂದ ಇಳಿಸುವ ಗಾಳಿಯನ್ನು ಇವು ಆ ಬೇರಿನಿಂದ ಎಳೆದುಕೊಳ್ಳುತ್ತವೆ.

ಕಡಲ ನೀರಿನಲ್ಲಿ ಸಲ್ಫೇಟ್ ಜಾಸ್ತಿ. ಗಾಳಿ ಇಲ್ಲದ ಕೆಸರಿನ ಬ್ಯಾಕ್ಟೀರಿಯಾ ಅದನ್ನು ಸಲ್ಫೈಡ್ ಮಾಡುತ್ತವೆ. ಕಾಂಡ್ಲಾ ವನದಲ್ಲಿ ಕಾಲಿಟ್ಟರೆ ಬರುವ ಕೊಳೆತ ಮೊಟ್ಟೆಯ ವಾಸನೆ ಅದೇ. ಆ ಸಲ್ಫೈಡು ಸತು, ತಾಮ್ರ, ಸೀಸದಂಥ ಲೋಹಗಳನ್ನು ಹಿಡಿದು ಕಪ್ಪು ಪುಡಿಯಾಗಿ ಕೆಸರಿನಲ್ಲಿ ಕೂರಿಸುತ್ತದೆ. ಕೆಸರನ್ನು ಕೆದಕಿ ಗಾಳಿಗೆ ಒಡ್ಡದಿದ್ದರೆ ಅಲ್ಲೇ ಇರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಕೇಟಾ ಎಂಬ ಪುಟ್ಟ ಊರಿದೆ, ಹಂಬೋಲ್ಟ್ ಕೊಲ್ಲಿಯ ದಂಡೆಯಲ್ಲಿ. 1970ರ ದಶಕದಲ್ಲಿ ಸುತ್ತಲಿನ ಊರುಗಳಿಗೆಲ್ಲ ಸೇರಿಸಿ ಒಂದೇ ದೊಡ್ಡ ಘಟಕ ಕಟ್ಟುವ ಯೋಜನೆ ಬಂತು. ಊರಿನವರು ಒಪ್ಪಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯದ ಜಾರ್ಜ್ ಆಲನ್, ರಾಬರ್ಟ್ ಗಿಯರ್‌ಹಾರ್ಟ್ ಬೇರೆ ದಾರಿ ತೋರಿಸಿದರು. ಕಡಲಂಚಿನ ಹಾಳುಬಿದ್ದ ನೆಲದಲ್ಲಿ ಜೌಗು ಮಾಡಿದರು. 1986ರಿಂದ ಊರಿನ ಸಂಸ್ಕರಿಸಿದ ನೀರು ಅದರ ಮೂಲಕ ಹಾದು ಕೊಲ್ಲಿ ಸೇರುತ್ತಿದೆ. ಆ ಕೊಲ್ಲಿಯಲ್ಲಿ ಆಯ್‌ಸ್ಟರ್ ಸಾಕಣೆ ದೊಡ್ಡ ಕಸುಬು. ಆಯ್‌ಸ್ಟರ್‌ನಂಥ ಚಿಪ್ಪಿನ ಜೀವಿಗಳು ನೀರನ್ನು ಸೋಸಿ ತಿನ್ನುತ್ತವೆ. ನೀರಿನಲ್ಲಿ ರೋಗಾಣು ಇದ್ದರೆ ಅವುಗಳ ಮೈಯಲ್ಲಿ ಶೇಖರವಾಗುತ್ತದೆ. ಹಾಗಾಗಿ ಅಲ್ಲಿ ಕೊನೆಯಲ್ಲಿ ರೋಗಾಣು ಕೊಲ್ಲುವ ಹಂತವನ್ನು ಬಿಟ್ಟಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಒರೊ ಲೋಮಾದಲ್ಲಿ ಇನ್ನೊಂದು ಬಗೆ ಮಾಡಿದ್ದಾರೆ. ಪ್ರವಾಹ ತಡೆಯುವ ಒಡ್ಡನ್ನು ಗೋಡೆಯಂತೆ ಕಟ್ಟದೆ ಉದ್ದನೆಯ ಇಳಿಜಾರಾಗಿ ಮಾಡಿ, ಗಿಡ ಬೆಳೆಸಿ, ಅದರ ಮಣ್ಣೊಳಗೆ ಸಂಸ್ಕರಿಸಿದ ನೀರು ಹರಿಸಿದರು. ಒಂದೇ ಒಡ್ಡು ಅಲೆಯನ್ನೂ ತಡೆಯಬೇಕು, ನೀರನ್ನೂ ಸೋಸಬೇಕು ಎಂಬುದು ಯೋಚನೆ. ಅಲ್ಲಿ ಕಂಡ ಒಂದು ಸಂಗತಿ ನಮಗೂ ಮುಖ್ಯ. ನೀರು ನೆಲದೊಳಗೆ ಬೇರುಗಳ ನಡುವೆ ಹೋದಾಗ ನೈಟ್ರೇಟ್ ಬಹುಪಾಲು ಹೋಯಿತು. ಮೇಲೆ ಉಕ್ಕಿ ಹರಿದ ನೀರಿಗೆ ಆ ಲಾಭ ಸಿಗಲಿಲ್ಲ. ನಮ್ಮ ಬಡಾವಣೆಯ ಕೆರೆಯಲ್ಲಿ ಆದದ್ದೂ ಅದೇ.

ಕೊಲ್ಕತ್ತದ ಪೂರ್ವದ ಜೌಗುಗಳು ಇದಕ್ಕಿಂತ ಹಳೆಯವು. 12,500 ಹೆಕ್ಟೇರ್ ಹರವು, 2002ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ಪಟ್ಟಿಯಲ್ಲಿದೆ. ಅಲ್ಲಿನ ಮೀನುಗಾರರು ಊರಿನ ಕೊಳಚೆಯನ್ನೇ ತೆಳುವಾದ ಹೊಂಡಗಳಿಗೆ ಬಿಟ್ಟು, ಬಿಸಿಲಲ್ಲಿ ಪಾಚಿ ಬೆಳೆಸಿ, ಪಾಚಿ ತಿನ್ನುವ ಮೀನು ಸಾಕುತ್ತಾರೆ. ಅಜ್ಜಿಯ ಗುದ್ದಲಿಯ ಕೆಲಸವನ್ನು ಅಲ್ಲಿ ಮೀನು ಬಲೆ ಮಾಡುತ್ತದೆ. ರಂಜಕ ಮೀನಾಗಿ ಸಂತೆಗೆ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಅಲ್ಲಿ ಗಜನಿ ಎಂಬ ಅಳಿವೆಯಂಚಿನ ಗದ್ದೆಗಳಿವೆ, ಉಪ್ಪುನೀರು ತಾಳುವ ಕಗ್ಗ ಭತ್ತ ಇದೆ, ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕಿ ಬದುಕುವ ಸಾವಿರಾರು ಮನೆಗಳಿವೆ. ಕಾಂಡ್ಲಾ ನೀರು ಸೋಸುತ್ತದಂತೆ, ಊರಿನ ಕೊಳಚೆ ನೀರನ್ನು ಅಲ್ಲಿಗೇ ಹರಿಸೋಣ ಎಂದು ಯಾರಾದರೂ ಹೇಳಿದರೆ ನಾನು ಬೇಡ ಎನ್ನುತ್ತೇನೆ. ಸಿಹಿನೀರು ಜಾಸ್ತಿ ಸೇರಿದರೆ ಉಪ್ಪಿನ ಹದ ತಪ್ಪುತ್ತದೆ, ಹದ ತಪ್ಪಿದರೆ ಬಳಚು ಉಳಿಯುವುದಿಲ್ಲ. ಇರುವ ಜೌಗನ್ನು ಚರಂಡಿ ಮಾಡುವುದು ಬೇರೆ. ಕೆಟ್ಟ ನೆಲವನ್ನು ಜೌಗು ಮಾಡುವುದು ಬೇರೆ. ಆರ್ಕೇಟಾದವರು ಮಾಡಿದ್ದು ಎರಡನೆಯದು.

ಕೋಲಾರದ ಪ್ರಶ್ನೆ

ನಮ್ಮ ಊರಿನ ಸಂಸ್ಕರಿಸಿದ ನೀರು ಈಗ ಕೆರೆಯಲ್ಲೇ ನಿಲ್ಲುತ್ತಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರನ್ನು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಯೋಜನೆಯ ಗಾತ್ರ 440 ಎಂಎಲ್‌ಡಿ. ಹೆಬ್ಬಾಳ-ನಾಗವಾರ ಕಣಿವೆಯಿಂದ 210 ಎಂಎಲ್‌ಡಿ ಚಿಕ್ಕಬಳ್ಳಾಪುರದ ಕಡೆಗೆ. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದಾಗ ಅಲ್ಲಿನ ಜನರಿಗಾದ ಸಂತೋಷ ಸಣ್ಣದಲ್ಲ. ಬತ್ತಿದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂತು. 2018ರ ಜುಲೈನಲ್ಲೇ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೂ ಕಂಡಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು.

ಅಲ್ಲಿನ ರೈತರು ಅಂದಿನಿಂದ ಕೇಳುತ್ತಿರುವುದು ಮೂರನೇ ಹಂತದ ಸಂಸ್ಕರಣೆ, ಅಂದರೆ ಬಿಒಡಿ ಇಳಿಸಿದ ಮೇಲೆ ಸಾರಜನಕ, ರಂಜಕವನ್ನೂ ತೆಗೆಯುವುದು. ಎರಡು ಹಂತ ಮಾಡಿದ ನೀರು ನಮ್ಮ ಅಂತರ್ಜಲಕ್ಕೆ ಇಳಿಯುತ್ತಿದೆ, ಅದರಲ್ಲಿರುವ ನೈಟ್ರೇಟ್ ನಮ್ಮ ಬಾವಿಗೆ ಬಂದರೆ ಯಾರು ಹೊಣೆ ಎಂಬುದು ಅವರ ಮಾತು. ಅದು ನ್ಯಾಯವಾದ ಮಾತು. ನಾವು ಬಳಸಿ ಬಿಟ್ಟ ನೀರನ್ನು ಅವರು ಒಳಗೆ ತೆಗೆದುಕೊಳ್ಳುತ್ತಿದ್ದಾರೆ. ಯಂತ್ರದ ಮೂರನೇ ಹಂತ ದುಬಾರಿ ಎಂಬ ಉತ್ತರಕ್ಕೆ ನನ್ನ ಕಡೆಯಿಂದ ಒಂದು ಪ್ರಶ್ನೆ. ಕೋಲಾರದಲ್ಲಿ ಬೆಂಗಳೂರಿನ ಹಾಗೆ ಜಾಗದ ಬರ ಇಲ್ಲ. ನೀರು ಒಂದು ಕೆರೆಯಿಂದ ಇನ್ನೊಂದಕ್ಕೆ ಕೋಡಿ ಹರಿದು ಸಾಗುತ್ತದೆ. ಪ್ರತಿ ಕೆರೆಯ ತಲೆಯಲ್ಲಿ ಹತ್ತಿಪ್ಪತ್ತು ಎಕರೆ ಜೌಗು ಯಾಕೆ ಆಗಬಾರದು? ಹೊಲದಲ್ಲಿ ಗುದ್ದಲಿ ಹಿಡಿಯುವ ಕೈಗಳಿಗೆ ಅಲ್ಲಿ ಕೊರತೆ ಇಲ್ಲ. ಕೊಯ್ದ ಜೊಂಡನ್ನು ಹೊಲಕ್ಕೆ ಹಾಕುವ ಮುಂಚೆ ಲೋಹದ ಅಂಶ ಪರೀಕ್ಷೆ ಮಾಡಿಸಬೇಕು, ದನಕ್ಕೆ ಹಾಕುವ ಮುಂಚೆಯಂತೂ ಮಾಡಿಸಲೇಬೇಕು. ಅದಕ್ಕೆ ಬೆಂಗಳೂರು ದುಡ್ಡು ಕೊಡಬೇಕು.

2024ರ ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ, ಬತ್ತಿದ ಕೆರೆಗಳನ್ನು ಸಂಸ್ಕರಿಸಿದ ನೀರಿನಿಂದ ತುಂಬಿಸುವ ಕೆಲಸಕ್ಕೆ ಜಲಮಂಡಳಿ ಕೈಹಾಕಿತು. ಇನ್ನೂ ಎಷ್ಟೋ ಕೆರೆಗಳಿಗೆ ಈ ನೀರು ಬರಲಿದೆ. ನಿಮ್ಮ ಮನೆ ಹತ್ತಿರದ ಕೆರೆಗೂ ಬರಬಹುದು. ಬಂದರೆ ಏರಿಯ ಕಡೆಯಿಂದ ನೋಡಬೇಡಿ, ಅಲ್ಲಿ ಎಲ್ಲ ಕೆರೆಯೂ ಚೆಂದ. ಸುತ್ತುಹಾಕಿ ನೀರು ಒಳಬರುವ ಕಡೆಗೆ ಹೋಗಿ. ಪೈಪಿನಿಂದ ಬರುವುದು ಎಸ್‌ಟಿಪಿ ನೀರೋ, ರಾಜಕಾಲುವೆಯದೋ? ಅದು ಜೊಂಡಿನೊಳಗೆ ಹರಡುತ್ತಿದೆಯೋ, ಒಂದೇ ಕಡೆ ಕೊರಕಲು ಮಾಡಿಕೊಂಡು ನೇರ ಓಡುತ್ತಿದೆಯೋ? ಆಮೇಲೆ ವಾರ್ಡಿನ ಎಂಜಿನಿಯರನ್ನು ಭೇಟಿ ಮಾಡಿ ಟೆಂಡರಿನ ಪ್ರತಿ ಕೇಳಿ. ಜೊಂಡು ನೆಡುವುದಕ್ಕೆ ಎಷ್ಟು ದುಡ್ಡು ಎಂದು ಅದರಲ್ಲಿ ಇದ್ದೇ ಇರುತ್ತದೆ. ಕೊಯ್ಯುವುದಕ್ಕೆ ಎಷ್ಟು, ಎಷ್ಟು ವರ್ಷ, ಯಾರ ಹೆಸರಿನಲ್ಲಿ ಎಂಬ ಸಾಲು ಇದೆಯೇ ಎಂದು ಹುಡುಕಿ.